ಬೆಳಗಿನ 9 ಗಂಟೆಯೊಳಗೆ 40 ಗ್ರಾಂ ಸಕ್ಕರೆ

ಮಗನ ಸ್ಕೂಲ್ ಪ್ರಾಜೆಕ್ಟಿಗೆ ಅಂತ ತಂದಿದ್ದ ಪುಟ್ಟ ಡಿಜಿಟಲ್ ತಕ್ಕಡಿ ಅಡುಗೆಮನೆ ಕಟ್ಟೆ ಮೇಲೇ ಉಳಿದುಬಿಟ್ಟಿತ್ತು. ಹೋದ ಜೂನ್‌ನಲ್ಲಿ ಒಂದು ದಿನ ಬೆಳಿಗ್ಗೆ ಕಾಫಿ ಲೋಟವನ್ನು ಅದರ ಮೇಲಿಟ್ಟು, ಸೊನ್ನೆ ಮಾಡಿ, ದಿನಾ ಹಾಕುವ ಹಾಗೇ ಎರಡು ಚಮಚ ಸಕ್ಕರೆ ಹಾಕಿದೆ. 14 ಗ್ರಾಂ ತೋರಿಸಿತು. ಒಂದು ಚಮಚ ಅಂದರೆ 4-5 ಗ್ರಾಂ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಅದು ಮಟ್ಟ ಮಾಡಿದ ಚಮಚದ ಲೆಕ್ಕ. ನಮ್ಮ ಸಕ್ಕರೆ ಡಬ್ಬಿಯಲ್ಲಿ ಇರೋದು ಅಜ್ಜಿ ಕಾಲದ ಸ್ಟೀಲ್ ಚಮಚ, ಅದರ ತುಂಬ ಗೋಪುರದ ಹಾಗೆ ಎತ್ತಿ ಹಾಕಿಯೇ ಎಲ್ಲರಿಗೂ ಅಭ್ಯಾಸ.

ಅವತ್ತು ತೂಗಿ ನೋಡೋಕೆ ಕಾರಣ ಇತ್ತು. ಹಿಂದಿನ ವಾರ ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಬಂದಿತ್ತು. ಎಚ್‌ಬಿಎ1ಸಿ 6.1. ಸುಮಾರು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳುವ ಪರೀಕ್ಷೆ ಇದು. 5.7ರ ಕೆಳಗಿದ್ದರೆ ಚಿಂತೆ ಇಲ್ಲ, 5.7ರಿಂದ 6.4ರ ತನಕ ಪ್ರೀ ಡಯಾಬಿಟಿಸ್ ಅಂದರೆ ಡಯಾಬಿಟಿಸ್‌ಗೆ ಮುಂಚಿನ ಹಂತ, 6.5ರಿಂದ ಮೇಲೆ ಡಯಾಬಿಟಿಸ್. 2023ರಲ್ಲಿ ಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ವರದಿಯಲ್ಲಿ ದೇಶದ 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲ ಮೇಲಿದ್ದಾರೆ ಅಂತ ಓದಿದ್ದೆ. ಆಗ ಅದು ಬರೀ ಸುದ್ದಿ. ಈಗ ಆ ಹೊಸ್ತಿಲ ಮೇಲೆ ನಾನೇ ನಿಂತಿದ್ದೆ.

ನನಗೆ ಭಯ ಆಯಿತು. ಅಪ್ಪನಿಗೆ ಈ ಕಾಯಿಲೆ 48ನೇ ವಯಸ್ಸಿಗೇ ಬಂದಿತ್ತು. ಕೊನೇ ವರ್ಷಗಳಲ್ಲಿ ಎಡಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಆದ ಒಂದು ಸಣ್ಣ ಗಾಯ ಏಳು ತಿಂಗಳು ಮಾಯಲಿಲ್ಲ. ದಿನಾ ಡ್ರೆಸ್ಸಿಂಗ್. ಇಡೀ ಬೆಂಗಳೂರನ್ನು ಸ್ಕೂಟರಿನಲ್ಲಿ ಸುತ್ತಿದ ಮನುಷ್ಯ ಮನೆಯ ಮೂರು ಮೆಟ್ಟಿಲು ಇಳಿಯೋಕೆ ನನ್ನ ಭುಜ ಹಿಡಿಯುತ್ತಿದ್ದರು. ಆ ಕೈಯ ಭಾರ ಇನ್ನೂ ನನ್ನ ಭುಜದ ಮೇಲಿದೆ. ನನಗೀಗ 43, ಮಗನಿಗೆ 12.

ಮೊದಲು ನನಗೆ ಅನ್ನಿಸಿದ್ದು, ನಾನು ಸಿಹಿ ತಿನ್ನೋದೇ ಕಡಿಮೆಯಲ್ಲಾ, ಇದು ಹೇಗೆ ಬಂತು ಅಂತ. ಜಾಮೂನು, ಮೈಸೂರು ಪಾಕ್ ಎಲ್ಲ ಹಬ್ಬಕ್ಕೆ ಮಾತ್ರ. ಐಸ್‌ಕ್ರೀಮ್ ಯಾವಾಗಲೋ ಒಮ್ಮೆ. ಹಾಗಾಗಿ ಒಂದು ವಾರ ಸುಮ್ನೆ ತೂಗಿ ಬರೆದಿಟ್ಟೆ, ಏನನ್ನೂ ಬದಲಾಯಿಸಲಿಲ್ಲ. ಎದ್ದ ತಕ್ಷಣದ ಕಾಫಿಗೆ 14 ಗ್ರಾಂ. ತಿಂಡಿ ಜೊತೆ ಇನ್ನೊಂದು ಕಾಫಿ, ಮತ್ತೆ 14. ವಾರದಲ್ಲಿ ಮೂರು ನಾಲ್ಕು ದಿನ ಟೈಮ್ ಇಲ್ಲ ಅಂತ ಹಾಲಿಗೆ ಹಾಕಿಕೊಂಡು ತಿನ್ನುತ್ತಿದ್ದ ಹಣ್ಣು-ಜೇನಿನ ಮ್ಯೂಸ್ಲಿ, ಅದರ ಡಬ್ಬಿ ಹಿಂದೆ 100 ಗ್ರಾಂಗೆ 20 ಗ್ರಾಂ ಸಕ್ಕರೆ ಅಂತ ಇತ್ತು, ನಾನು ಹಾಕಿಕೊಳ್ಳುತ್ತಿದ್ದದ್ದು 60 ಗ್ರಾಂ, ಅಂದರೆ 12. ಒಟ್ಟು 40 ಗ್ರಾಂ. ಗಡಿಯಾರದಲ್ಲಿ ಇನ್ನೂ 9 ಆಗಿರುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇಷ್ಟು: ನಾವು ತಿನ್ನೋ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, 5ಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ, ಇಲ್ಲ 25 ಗ್ರಾಂ. ಇದರಲ್ಲಿ ಜೇನುತುಪ್ಪವೂ ಬರುತ್ತೆ, ಹಣ್ಣಿನ ಜ್ಯೂಸೂ ಬರುತ್ತೆ. ಇಡೀ ಹಣ್ಣಿನಲ್ಲಿ, ಹಾಲಿನಲ್ಲಿ ತಾನಾಗೇ ಇರೋ ಸಕ್ಕರೆ ಬರಲ್ಲ. ಅಂದರೆ ಇಡೀ ದಿನದ್ದು ನನಗೆ ಬೆಳಿಗ್ಗೆಯೇ ಹತ್ತಿರ ಹತ್ತಿರ ಮುಗಿದುಹೋಗುತ್ತಿತ್ತು. ಆಮೇಲೆ ಆಫೀಸಿನ ಮೆಷಿನ್ ಟೀ, ಸಂಜೆಯ ಕಾಫಿ, ಜೊತೆಗೆ ಎರಡು ಬಿಸ್ಕತ್ತು ಎಲ್ಲ ಅದರ ಮೇಲೆ.

ಇದನ್ನು ಬರೆಯೋಕೆ ಕೂತಿರುವುದೇ ಈ ಮಾತಿಗಾಗಿ. ಸಕ್ಕರೆ ಬಿಡಬೇಕು ಅಂದ ತಕ್ಷಣ ನಾವೆಲ್ಲ ಸ್ವೀಟ್ ಅಂಗಡಿ ಕಡೆ ನೋಡುತ್ತೇವೆ. ನಮ್ಮ ಮನೆಯಲ್ಲಿ ಅದು ಬರುತ್ತಿದ್ದದ್ದು ಬೆಳಗಿನ ಮೂರು ಗಂಟೆಗಳ ಬಾಗಿಲಿನಿಂದ. ಸಿಹಿ ಅಂತ ಅನ್ನಿಸದೇ ಬರುತ್ತಿತ್ತು.

ಕಾಫಿಯಿಂದಲೇ ಶುರು ಮಾಡಿದೆ. ಒಂದೇ ದಿನಕ್ಕೆ ಪೂರ್ತಿ ಬಿಡುವ ಗಟ್ಟಿತನ ಕೆಲವರಿಗಿದೆ, ಅವರಿಗೆ ನಮಸ್ಕಾರ. ನಾನು ಬೇರೆ ದಾರಿ ಹಿಡಿದೆ. ಸಕ್ಕರೆ ಡಬ್ಬಿಯ ಚಮಚ ತೆಗೆದು ಚಿಕ್ಕದೊಂದು ಇಟ್ಟೆ, ಚಾಕುವಿನ ಬೆನ್ನಿನಿಂದ ಸವರಿದರೆ ಸರಿಯಾಗಿ 4 ಗ್ರಾಂ ಹಿಡಿಯುವಂಥದ್ದು. ಮೊದಲ ವಾರ ಲೋಟಕ್ಕೆ ಎರಡು ಚಮಚ. ಚಮಚದ ಲೆಕ್ಕ ಅದೇ ಎರಡು, ಸಕ್ಕರೆ ಮಾತ್ರ 14ರಿಂದ 8ಕ್ಕೆ ಇಳಿದಿತ್ತು! ಎರಡನೇ ವಾರ ಒಂದೂವರೆ. ಮೂರನೇ ವಾರ ಒಂದು. ಇಲ್ಲಿ ಸ್ವಲ್ಪ ಕಷ್ಟ ಆಯಿತು. ಕಾಫಿ ಕಹಿ ಅನ್ನೋದಕ್ಕಿಂತ, ಏನೋ ಸುಟ್ಟ ವಾಸನೆ ಬರುತ್ತಿತ್ತು, ಗಂಟಲಲ್ಲಿ ಒಗರು ಉಳಿಯುತ್ತಿತ್ತು.

ಅದು ಚಿಕೋರಿ. ನಾವು ವರ್ಷಗಳಿಂದ ತರುತ್ತಿದ್ದದ್ದು 60 ಕಾಫಿ, 40 ಚಿಕೋರಿ ಇರುವ ಪುಡಿ. ಸಕ್ಕರೆ ಮೇಲಿದ್ದಾಗ ಅದು ತಿಳಿಯುತ್ತಿರಲಿಲ್ಲ. ಸಕ್ಕರೆ ಸರಿದ ಮೇಲೆ ಪುಡಿಯ ಗುಣ ಬರಿ ನಾಲಿಗೆಗೆ ಸಿಕ್ಕಿತು. ಗಾಂಧಿ ಬಜಾರಿನ ಕಡೆ ಕಣ್ಣೆದುರೇ ಬೀಜ ಪುಡಿ ಮಾಡಿ ಕೊಡುವ ಅಂಗಡಿಗೆ ಹೋಗಿ 80-20 ಕೇಳಿದೆ, ಆಮೇಲೆ 90-10. ಬಿಸಿ ಪುಡಿ ಕವರಿನಲ್ಲಿ ಹಿಡಿದು ಮನೆಗೆ ಬರುವಾಗ ಆ ಘಮ ಕೈಗೂ ಹತ್ತಿಕೊಂಡಿತ್ತು. ಡಿಕಾಕ್ಷನ್ ಮೊದಲಿಗಿಂತ ತೆಳು, ಆದರೆ ಗಟ್ಟಿ ಹಾಲಿಗೆ ಹಾಕಿ ಎರಡು ಸಲ ಎತ್ತಿ ಹೊಯ್ದರೆ ಹಾಲಿನದೇ ಒಂದು ಸಣ್ಣ ಸಿಹಿ ಬರುತ್ತೆ ನೋಡಿ, ಅದು ನನಗೆ 43 ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು. ಆರನೇ ವಾರಕ್ಕೆ ಸಕ್ಕರೆ ಪೂರ್ತಿ ನಿಂತಿತು. ಈಗ ಯಾರದಾದರೂ ಮನೆಯಲ್ಲಿ ಮೊದಲಿನ ಹಾಗೆ ಹಾಕಿ ಕೊಟ್ಟರೆ ಅರ್ಧ ಲೋಟ ಕುಡಿಯೋದೂ ಕಷ್ಟ. ನಾಲಿಗೆ ಹೊಂದಿಕೊಳ್ಳುತ್ತೆ, ಅದಕ್ಕೆ ಕೆಲವು ವಾರ ಟೈಮ್ ಕೊಡಬೇಕು ಅಷ್ಟೆ.

ಹೋಟೆಲ್‌ಗಳಲ್ಲಿ "ಸಕ್ಕರೆ ಕಡಿಮೆ" ಅಂದರೆ ಪ್ರಯೋಜನ ಇಲ್ಲ. ಒಬ್ಬೊಬ್ಬರ ಕಡಿಮೆ ಒಂದೊಂದು ಥರ. ಎಷ್ಟೋ ದರ್ಶಿನಿಗಳಲ್ಲಿ ಲೋಟಗಳ ತಳಕ್ಕೆ ಮೊದಲೇ ಸಕ್ಕರೆ ಹಾಕಿ ಸಾಲಾಗಿ ಇಟ್ಟಿರುತ್ತಾರೆ. ಬಿಲ್ ಮಾಡಿಸುವಾಗಲೇ "ಶುಗರ್‌ಲೆಸ್ ಒಂದು" ಅಂದುಬಿಡಿ, ಬೇಕಿದ್ದರೆ ಆಮೇಲೆ ನೀವೇ ಹಾಕಿಕೊಳ್ಳಬಹುದು. ಸಾಂಬಾರ್ ಕಡೆಗೂ ಒಂದು ಗಮನ ಇರಲಿ. ನಮ್ಮ ಊರಿನ ಹೋಟೆಲ್ ಸಾಂಬಾರ್‌ಗೆ ಬೆಲ್ಲ ಬಿದ್ದಿರುತ್ತೆ, ನಾವು ಎರಡು ಇಡ್ಲಿಗೆ ಮೂರು ಬಟ್ಟಲು ಹಾಕಿಸಿಕೊಳ್ಳುತ್ತೇವೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿಗೆ ಸಾಂಬಾರೇ ಇಲ್ಲ, ಬರೀ ಚಟ್ನಿ. ಜನ ಅದಕ್ಕೇ ಸಾಲು ನಿಲ್ಲುತ್ತಾರೆ. ಅಂದರೆ ಚಟ್ನಿ ಒಂದರಲ್ಲೇ ಇಡ್ಲಿ ಖುಷಿಯಾಗಿ ತಿನ್ನಬಹುದು ಅಂತ ಆಯಿತಲ್ಲ.

ಈಗ ಬೆಲ್ಲದ ವಿಷಯ. ಇದು ಬರೆಯೋಕೆ ನನಗೆ ಸ್ವಲ್ಪ ಕಷ್ಟ, ಯಾಕಂದ್ರೆ ಅಮ್ಮನ ತವರು ಮಂಡ್ಯ ಕಡೆ. ಬೇಸಿಗೆ ರಜೆಯಲ್ಲಿ ಆಲೆಮನೆಗೆ ಹೋಗಿ ಕೊಪ್ಪರಿಗೆ ಪಕ್ಕ ನಿಂತು ಬಿಸಿ ಬೆಲ್ಲವನ್ನು ಎಲೆ ಮೇಲೆ ಹಾಕಿಸಿಕೊಂಡು ತಿಂದವಳು ನಾನು. ರಿಪೋರ್ಟ್ ನೋಡಿದ ತಕ್ಷಣ ಅಮ್ಮ, ಅತ್ತೆ, ಆಫೀಸಿನ ಗೆಳತಿಯರು ಎಲ್ಲರೂ ಹೇಳಿದ್ದು ಒಂದೇ: "ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೋ, ಏನೂ ಆಗಲ್ಲ". ಆಗುತ್ತೆ. ಬೆಲ್ಲದಲ್ಲಿ ಹೆಚ್ಚಿನ ಪಾಲು ಇರೋದು ಸುಕ್ರೋಸೇ, ಸಕ್ಕರೆಯಲ್ಲಿರುವ ಅದೇ ವಸ್ತು. ಸ್ವಲ್ಪ ಕಬ್ಬಿಣ, ಸ್ವಲ್ಪ ಖನಿಜ ಇದೆ ನಿಜ, ಆದರೆ ಅದಕ್ಕೋಸ್ಕರ ಬೆಲ್ಲ ತಿನ್ನಬೇಕಿಲ್ಲ, ಒಂದು ಹಿಡಿ ನುಗ್ಗೆ ಸೊಪ್ಪು ಸಾಕು. ರಕ್ತಕ್ಕೆ ಹೋದ ಮೇಲೆ ಇದು ಮಂಡ್ಯದ ಅಚ್ಚು ಬೆಲ್ಲ, ಇದು ಅಂಗಡಿ ಸಕ್ಕರೆ ಅಂತ ದೇಹ ಬೇರೆ ಮಾಡಿ ನೋಡಲ್ಲ. ಅಪ್ಪ ಎಷ್ಟೋ ವರ್ಷ ಇದೇ ನಂಬಿಕೆಯಲ್ಲಿ ರಾಗಿ ಗಂಜಿಗೆ ಬೆಲ್ಲ ಹಾಕಿಕೊಂಡು ಕುಡಿದರು. ಯಾರೂ ಅವರಿಗೆ ಹೇಳಲಿಲ್ಲ ಅನ್ನೋ ನೋವು ನನಗಿದೆ. ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಸಕ್ಕರೆ ಬದಲಿನ ಮಾತ್ರೆಗಳ ಬಗ್ಗೆಯೂ ಕೇಳುತ್ತಾರೆ. ತೂಕ ಇಳಿಸೋಕೆ ಅಂತ ಅವನ್ನು ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ಆದರೆ ಆ ಸಲಹೆ ಈಗಾಗಲೇ ಡಯಾಬಿಟಿಸ್ ಇರುವವರಿಗಲ್ಲ. ನಾನು ತೆಗೆದುಕೊಳ್ಳಲಿಲ್ಲ. ನನಗೆ ಬೇಕಾಗಿದ್ದದ್ದು ನಾಲಿಗೆಯ ಸಿಹಿ ಆಸೆಯೇ ಇಳಿಯೋದು.

ಕಾಫಿ ಸರಿಹೋಯಿತು, ಆದರೆ 11 ಗಂಟೆಗೆ ಹೊಟ್ಟೆ ಕೂಗೋದು ನಿಲ್ಲಲಿಲ್ಲ. ಆಗಲೇ ಗೊತ್ತಾದದ್ದು ತಿಂಡಿಯಲ್ಲೇ ಇನ್ನೊಂದು ಸಮಸ್ಯೆ ಇದೆ ಅಂತ. ವಾರದ ಪಟ್ಟಿ ನೋಡಿದರೆ ಇಡ್ಲಿ, ದೋಸೆ, ಅವಲಕ್ಕಿ, ಚಿತ್ರಾನ್ನ, ಉಪ್ಪಿಟ್ಟು, ಬ್ರೆಡ್. ಎಲ್ಲ ಅಕ್ಕಿ, ರವೆ, ಮೈದಾ. ಸಕ್ಕರೆ ಕಾಣಿಸದೇ ಇದ್ದರೂ ಹಿಟ್ಟಿನ ಅಂಶ ಬೇಗ ಕರಗಿ ಸಕ್ಕರೆಯೇ ಆಗೋದು. ಜೊತೆಗೆ ಬೇಳೆ, ಕಾಳು, ಸೊಪ್ಪು, ಸ್ವಲ್ಪ ಎಣ್ಣೆ-ತುಪ್ಪ ಇದ್ದರೆ ಅದು ನಿಧಾನ ಆಗುತ್ತೆ, ಹಸಿವೂ ತಡವಾಗಿ ಬರುತ್ತೆ. ಇದನ್ನು ನಾನು ಅಮ್ಮನಿಗೆ ವಿವರಿಸುತ್ತಾ ಇದ್ದೆ. ಅವರು ಸೊಪ್ಪು ಸೋಸುತ್ತಾ ಕೇಳಿಸಿಕೊಂಡು, "ಹಾಗಾದ್ರೆ ನುಚ್ಚಿನುಂಡೆ ಮಾಡೋಣ ಬಿಡು" ಅಂದರು.

ನುಚ್ಚಿನುಂಡೆ! ನಮ್ಮ ಮನೆಯಲ್ಲಿ ಅದನ್ನು ಮಾಡಿ ನಾಲ್ಕೈದು ವರ್ಷ ಆಗಿತ್ತು. ಹಬೆಯಲ್ಲಿ ಬೇಯೋದು, ಎಣ್ಣೆ ಹನಿಯೂ ಬೇಡ, ಮುಕ್ಕಾಲು ಪಾಲು ಬೇಳೆ, ಉಳಿದದ್ದು ಸೊಪ್ಪು. ನಾವು ಡಬ್ಬಿಯ ಮ್ಯೂಸ್ಲಿಗೆ ದುಡ್ಡು ಕೊಡುತ್ತಿದ್ದ ಇಷ್ಟೂ ವರ್ಷ ಇದು ಅಮ್ಮನ ಕೈಯಲ್ಲೇ ಇತ್ತು.

ನಾಲ್ಕು ಜನಕ್ಕೆ ತೊಗರಿಬೇಳೆ 200 ಗ್ರಾಂ, ಕಡ್ಲೆಬೇಳೆ 50 ಗ್ರಾಂ. ಮೂರು ಗಂಟೆ ನೆನೆಯಬೇಕು, ಬೆಳಿಗ್ಗೆ ಅವಸರ ಇರುವವರು ರಾತ್ರಿಯೇ ನೆನೆಹಾಕಿ ಫ್ರಿಡ್ಜ್‌ನಲ್ಲಿಡಿ. ನೀರನ್ನು ಪೂರ್ತಿ ಬಸಿಯಬೇಕು, ಇದು ಮುಖ್ಯ, ಬೇಳೆಯಲ್ಲಿ ನೀರು ನಿಂತರೆ ಉಂಡೆ ಕೂರಲ್ಲ. ಹಸಿಮೆಣಸು, ಶುಂಠಿ ಹಾಕಿ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ತರಿತರಿಯಾಗಿ, ಅಲ್ಲಲ್ಲಿ ಒಂದೊಂದು ಇಡೀ ಬೇಳೆ ಸಿಗುವ ಹಾಗೆ. ಅದಕ್ಕೆ ಒಂದು ದೊಡ್ಡ ಕಟ್ಟು ಸಬ್ಬಸಿಗೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಬೇಕು. ಸ್ವಲ್ಪ ಕಾಯಿತುರಿ, ಕರಿಬೇವು, ಇಂಗು, ಉಪ್ಪು. ಅಮ್ಮ ಉಂಡೆ ಕಟ್ಟೋದು ನೋಡಬೇಕು. ಅಂಗೈಯಲ್ಲಿ ಹಿಟ್ಟು ತೆಗೆದುಕೊಂಡು ಒಂದೇ ಸಲ ಮುಷ್ಟಿ ಬಿಗಿ ಮಾಡಿ ಬಿಡುತ್ತಾರೆ, ಉದ್ದುದ್ದ ಉಂಡೆ ಆಗುತ್ತೆ, ಅದರ ಮೇಲೆ ನಾಲ್ಕು ಬೆರಳಿನ ಗುರುತು ಹಾಗೇ ಮೂಡಿರುತ್ತೆ. ನಾನು ಲಡ್ಡಿನ ಹಾಗೆ ದುಂಡಗೆ ಉರುಳಿಸೋಕೆ ಹೋದರೆ "ಅಷ್ಟು ಒತ್ತಬೇಡ, ಒಳಗೆ ಬೇಯಲ್ಲ" ಅಂತಾರೆ. ಇಡ್ಲಿ ಪಾತ್ರೆಯಲ್ಲಿ 12 ನಿಮಿಷ. ಮುಚ್ಚಳ ತೆಗೆದಾಗ ಸಬ್ಬಸಿಗೆ ಘಮ ಹಾಲ್ ತನಕ ಬರುತ್ತೆ. ಮಜ್ಜಿಗೆಹುಳಿ ಜೊತೆ ತುಂಬ ಚೆನ್ನಾಗಿರುತ್ತೆ, ಅದಿಲ್ಲದಿದ್ದರೆ ಬಿಸಿ ಉಂಡೆ ಮುರಿದು ಅರ್ಧ ಚಮಚ ತುಪ್ಪ.

ಬೇಳೆಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತೆ. ಅಂದರೆ ಮೇಲಿನ ಲೆಕ್ಕದಲ್ಲಿ ತಲೆಗೆ 13-14 ಗ್ರಾಂ. ಮೂರು ಇಡ್ಲಿ ತಿಂದರೆ ಇದರ ಅರ್ಧದಷ್ಟು ಬರಬಹುದು. ಅದನ್ನು ತಿಂದು ಹೋದ ಮೊದಲ ದಿನ ಆಫೀಸಿನಲ್ಲಿ ಗಡಿಯಾರ ನೋಡಿದಾಗ 12.40. 11ರ ಬಿಸ್ಕತ್ತು ನೆನಪೇ ಆಗಿರಲಿಲ್ಲ.

ಈಗ ವಾರಕ್ಕೆ ಒಂದು ದಿನ ಖಂಡಿತ ನುಚ್ಚಿನುಂಡೆ. ಎರಡು ದಿನ ಹೆಸರುಕಾಳಿನ ದೋಸೆ, ರಾತ್ರಿ ನೆನೆಸಿ ಬೆಳಿಗ್ಗೆ ಶುಂಠಿ-ಜೀರಿಗೆ ಜೊತೆ ರುಬ್ಬಿದರೆ ಆಯಿತು, ಹುದುಗು ಬರಲಿ ಅಂತ ಕಾಯಬೇಕಿಲ್ಲ. ಉಪ್ಪಿಟ್ಟು ಬಿಟ್ಟಿಲ್ಲ. ಆದರೆ ರವೆ ಒಂದು ಲೋಟ ಇದ್ದರೆ ಬೀನ್ಸ್, ಕ್ಯಾರೆಟ್, ಬಟಾಣಿ ಎರಡು ಲೋಟ. ಮೇಲೆ ಒಂದು ಹಿಡಿ ಕಡ್ಲೆಬೀಜ. ಇಡ್ಲಿ ಮಾಡಿದ ದಿನ ಎರಡೇ ಇಡ್ಲಿ, ಜೊತೆಗೆ ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ. ಕೋಸಂಬರಿಯನ್ನು ನಾವು ಯಾಕೆ ರಾಮನವಮಿಗೂ ಮದುವೆ ಎಲೆಯ ಮೂಲೆಗೂ ಮೀಸಲು ಮಾಡಿದೆವೋ ಗೊತ್ತಿಲ್ಲ. ಹತ್ತು ನಿಮಿಷದ ಕೆಲಸ, ಒಲೆ ಹಚ್ಚೋದು ಒಗ್ಗರಣೆಗೆ ಮಾತ್ರ.

ರಾಗಿ ಬಗ್ಗೆ ಎರಡು ಮಾತು. ತಾತನ ಹೊಲದಲ್ಲಿ ಇಂಡಾಫ್ ರಾಗಿ ಬೆಳೆಯುತ್ತಿದ್ದರು, ಭಾರತ ಮತ್ತು ಆಫ್ರಿಕಾದ ತಳಿ ಸೇರಿಸಿ, "ರಾಗಿ ಲಕ್ಷ್ಮಣಯ್ಯ" ಅಂತಲೇ ಹೆಸರಾದ ಕೃಷಿ ವಿಜ್ಞಾನಿ ಮಂಡ್ಯದಲ್ಲಿ ಮಾಡಿದ ತಳಿ ಅದು. ಹಾಗಾಗಿ ರಾಗಿ ಅಂದರೆ ನಮ್ಮ ಮನೆಯಲ್ಲಿ ಗೌರವ ಜಾಸ್ತಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲಿಗಿಂತಲೂ ಹೆಚ್ಚು. ಆದರೆ ನಯವಾದ ಹಿಟ್ಟನ್ನು ತೆಳ್ಳಗೆ ಗಂಜಿ ಕಾಯಿಸಿ, ಬೆಲ್ಲ ಹಾಕಿ ಕುಡಿದರೆ ಅದೂ ಬೇಗನೇ ಸಕ್ಕರೆ ಏರಿಸುತ್ತೆ. ಅದೇ ಹಿಟ್ಟಿಗೆ ಈರುಳ್ಳಿ, ನುಗ್ಗೆ ಸೊಪ್ಪು ಕಲಸಿ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರು ಜೊತೆ ಕೊಟ್ಟರೆ ಬೇರೆಯೇ ತಿಂಡಿ. ಗಂಜಿ ಬೇಕೇ ಬೇಕು ಅನ್ನುವವರು ಮಜ್ಜಿಗೆ, ಉಪ್ಪು, ಹಸಿ ಈರುಳ್ಳಿ ಹಾಕಿ ಅಂಬಲಿ ಮಾಡಿಕೊಳ್ಳಿ.

ಮಗನ ವಿಷಯದಲ್ಲಿ ನನಗೆ ಜಾಸ್ತಿ ಬೇಜಾರಾಗಿದ್ದು ಹಾಲಿಗೆ ಹಾಕುವ ಚಾಕೊಲೇಟ್ ಮಾಲ್ಟ್ ಪುಡಿಯಿಂದ. ಬೆಳೆಯೋ ಹುಡುಗ, ಶಕ್ತಿ ಬರಲಿ ಅಂತ ನಾನೇ ಎರಡು ದೊಡ್ಡ ಚಮಚ ಹಾಕುತ್ತಿದ್ದೆ. ಡಬ್ಬಿ ತಿರುಗಿಸಿ ಓದಿದರೆ ಮೂರನೇ ಒಂದು ಭಾಗ ಸಕ್ಕರೆ. ನಮ್ಮ ಆಹಾರ ಸುರಕ್ಷತೆ ಕಾಯ್ದೆಯಲ್ಲಿ "ಹೆಲ್ತ್ ಡ್ರಿಂಕ್" ಅನ್ನೋ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಇಂಥ ಪುಡಿಗಳನ್ನು ಆ ಹೆಸರಿನ ಪಟ್ಟಿಯಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಸರ್ಕಾರವೇ ಹೇಳಿತು. ಲೇಬಲ್ ಓದುವಾಗ ನಾನು ನೋಡೋದು ಎರಡೇ. 100 ಗ್ರಾಂಗೆ ಸಕ್ಕರೆ ಎಷ್ಟು, ಮತ್ತು ಪದಾರ್ಥಗಳ ಸಾಲಿನಲ್ಲಿ ಅದು ಎಷ್ಟನೇದು. ತೂಕ ಹೆಚ್ಚಿರೋದು ಮೊದಲು ಬರುತ್ತೆ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಜೇನು ಅಂತ ಬೇರೆ ಬೇರೆ ಹೆಸರಲ್ಲಿ ಇದ್ದರೂ ಎಲ್ಲ ಒಂದೇ ಮನೆಯವು. ಈಗ ಅವನ ಹಾಲಿಗೆ ಬಾದಾಮಿ-ಏಲಕ್ಕಿ ಪುಡಿ, ಸಕ್ಕರೆ ಅರ್ಧ ಚಮಚ. ಮೊದಲ ಹತ್ತು ದಿನ ಮುಖ ತಿರುಗಿಸಿದ. ಆಮೇಲೆ ಸುಮ್ಮನೆ ಕುಡಿಯತೊಡಗಿದ.

ಒಂದು ಎಚ್ಚರಿಕೆ ಹೇಳಲೇಬೇಕು. ಈಗಾಗಲೇ ಡಯಾಬಿಟಿಸ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಓದಿ ನಾಳೆಯಿಂದಲೇ ತಿಂಡಿ ಬದಲಾಯಿಸಬೇಡಿ. ಊಟ ಕಡಿಮೆ ಮಾಡಿ ಔಷಧಿ ಅಷ್ಟೇ ಉಳಿದರೆ ಸಕ್ಕರೆ ತೀರಾ ಇಳಿದುಹೋಗಬಹುದು. ಕೈ ನಡುಕ, ಬೆವರು, ಕಣ್ಣು ಮಂಜಾಗೋದು ಬಂದರೆ ಆಗ ಸಕ್ಕರೆಯೇ ಔಷಧಿ, ತಡ ಮಾಡಬಾರದು. ಮೊದಲು ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ.

ತಿಂಡಿ ಆದ ಮೇಲೆ ಆಟೋ ಹತ್ತುತ್ತಿದ್ದವಳು ಈಗ ಹನುಮಂತನಗರದಿಂದ ನ್ಯಾಷನಲ್ ಕಾಲೇಜ್ ಮೆಟ್ರೋ ತನಕ ನಡೆದೇ ಹೋಗುತ್ತೇನೆ. ತಿಂದ ಮೇಲೆ ನಡೆದರೆ ಕಾಲಿನ ಸ್ನಾಯುಗಳೇ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಅಕ್ಟೋಬರ್ ಮೊದಲ ವಾರ ಮತ್ತೆ ರಕ್ತ ಕೊಟ್ಟೆ. 5.8. ಇನ್ನೂ ಗೆರೆಯ ಒಳಗೆ ಬಂದಿಲ್ಲ, ಆದರೆ ಬಂದ ದಾರಿ ಸರಿ ಇದೆ ಅಂತ ಡಾಕ್ಟರ್ ಅಂದರು. ಮುಂದಿನ ಟೆಸ್ಟ್ ಜನವರಿಯಲ್ಲಿ.

ಅಮ್ಮನಿಗೆ 71. ಅವರ ಕಾಫಿಗೆ ನಾನು ಕೈ ಹಾಕಿಲ್ಲ. ಆದರೆ ಹೋದ ತಿಂಗಳಿಂದ ಆ ಚಿಕ್ಕ ಚಮಚದಲ್ಲಿ ಒಂದೇ ಹಾಕಿಕೊಳ್ಳುತ್ತಿದ್ದಾರೆ, ಚಾಕುವಿನಿಂದ ಸವರುತ್ತಾರೆ ಕೂಡ. ನಾನು ಏನೂ ಕೇಳಿಲ್ಲ, ಅವರೂ ಏನೂ ಹೇಳಿಲ್ಲ.

ಅವರೆ ಸೀಸನ್ ಶುರುವಾಗಿದೆ. ಗಾಂಧಿ ಬಜಾರಿನಲ್ಲಿ ಸೊಗಡಿನ ಕಾಯಿ ರಾಶಿ ರಾಶಿ ಬಂದಿದೆ, ಕೈಗೆ ಅಂಟುವಂಥ ಒಳ್ಳೆ ಕಾಯಿ. ನಾಳೆ ಭಾನುವಾರ, ತರಕಾರಿ ಜಾಸ್ತಿ ಹಾಕಿ ಅವರೆಬೇಳೆ ಉಪ್ಪಿಟ್ಟು ಅಂತ ಆಗಿದೆ. ಸಂಜೆ ಬಿಡಿಸಿ ನೆನೆಹಾಕಿದ ಕಾಳು ಈಗ ಉಬ್ಬಿದೆ. ಅಮ್ಮ ಎರಡು ಬಟ್ಟಲು ಇಟ್ಟುಕೊಂಡು ಹಿಸುಕೋಕೆ ಕೂತಿದ್ದಾರೆ, ಮಗ ಪಕ್ಕದಲ್ಲಿ ಕೂತು ಬೇಳೆಯನ್ನು ಗೋಡೆ ತನಕ ಹಾರಿಸುತ್ತಿದ್ದಾನೆ. ನನ್ನನ್ನೂ ಕರೆಯುತ್ತಿದ್ದಾರೆ, ಹೋಗುತ್ತೇನೆ.